ಚೈನ್ ಹಾಕಿದ ಅಂಬಾಸಿಡರ್

ಬೇರೆಯವರು ಮಾಡಿದ ಕೆಲಸದಲ್ಲಿ ತಪ್ಪು ಹುಡುಕುವುದಕ್ಕೇ ನನಗೆ ಸಂಬಳ ಕೊಡುತ್ತಾರೆ. ನಂಜನಗೂಡಿನ ಹತ್ತಿರ ತಾಂಡ್ಯದ ಒಂದು ಕಾರ್ಖಾನೆಯ ಕ್ವಾಲಿಟಿ ವಿಭಾಗದಲ್ಲಿ ಹತ್ತೊಂಬತ್ತು ವರ್ಷದಿಂದ ಇದ್ದೇನೆ. ಬೆಳಿಗ್ಗೆ ಮೇಜಿನ ಮುಂದೆ ಕೂತರೆ ಸಂಜೆಯವರೆಗೆ ಉಕ್ಕಿನ ಬಿಡಿಭಾಗಗಳನ್ನು ಒಂದೊಂದಾಗಿ ಎತ್ತಿ, ವರ್ನಿಯರ್ ಹಿಡಿದು ಅಳೆದು, ಕೂದಲೆಳೆಯಷ್ಟು ಹೆಚ್ಚುಕಮ್ಮಿ ಇದ್ದರೂ ಕೆಂಪು ಡಬ್ಬಕ್ಕೆ ಹಾಕುವುದು ನನ್ನ ಕೆಲಸ. ಈ ಅಭ್ಯಾಸ ನನ್ನ ಜೊತೆ ಮನೆಗೂ ಬರುತ್ತದೆ. ನಾನೇ ಹುಯ್ದ ದೋಸೆ ದುಂಡಗೆ ಬರದಿದ್ದರೆ ನನಗೆ ನನ್ನ ಮೇಲೇ ಸಿಟ್ಟು ಬರುತ್ತದೆ. ನನ್ನ ಗಂಡ ಅಲ್ಲೇ ಪಕ್ಕದ ಇನ್ನೊಂದು ಕಾರ್ಖಾನೆಯಲ್ಲಿ ಫಿಟ್ಟರ್. ಮದುವೆಯಾದ ಹೊಸದರಲ್ಲಿ ಅವರು ಗೋಡೆಗೆ ಮೊಳೆ ಹೊಡೆದಾಗಲೆಲ್ಲ ನಾನು ಸ್ಕೇಲ್ ತಂದು ನೋಡುತ್ತಿದ್ದೆ. ಈಗ ಅವರೇ ಮೊದಲು ಸ್ಕೇಲನ್ನು ನನ್ನ ಕೈಗೆ ಕೊಟ್ಟು ಆಮೇಲೆ ಸುತ್ತಿಗೆ ಎತ್ತುತ್ತಾರೆ.

ಈ ಗುಣ ಅಪ್ಪನಿಂದ ಬಂದದ್ದು. ಅಪ್ಪ ಟಿ. ನರಸೀಪುರದ ಒಂದು ಸರ್ಕಾರಿ ಕಚೇರಿಯಲ್ಲಿ ಡ್ರೈವರ್ ಆಗಿದ್ದರು. ಬಿಳಿ ಅಂಬಾಸಿಡರ್ ಕಾರು, ಸಾಹೇಬರು ಬದಲಾಗುತ್ತಿದ್ದರು, ಕಾರು ಮತ್ತು ಅಪ್ಪ ಬದಲಾಗುತ್ತಿರಲಿಲ್ಲ. ಅವರು ನಿವೃತ್ತರಾದ ವರ್ಷವೇ ಕಾರು ಕೂಡ ಕಂಡಮ್ ಆಗಿ ಹರಾಜಿಗೆ ಬಂತು. ಗುಜರಿಯವನ ಎದುರು ಪಟ್ಟು ಹಿಡಿದು ಕೂಗಿ ಅಪ್ಪ ಅದನ್ನು ಮನೆಗೆ ತಂದರು. ಅವ್ವ ಆವತ್ತು ಆರತಿ ಎತ್ತಿದ್ದಳು, ಆದರೆ ಮುಖ ಊದಿಸಿಕೊಂಡೇ ಎತ್ತಿದ್ದಳು. ಆಮೇಲೆ ಅವಳಿಗೂ ಅಭ್ಯಾಸವಾಯಿತು. ಪ್ರತಿ ಸೋಮವಾರ ಅವಳನ್ನು ಹಿಂದಿನ ಸೀಟಿನಲ್ಲಿ ಸಾಹೇಬರ ಹಾಗೆ ಕೂರಿಸಿಕೊಂಡು ಅಪ್ಪ ನಂಜನಗೂಡಿಗೆ ಬರುತ್ತಿದ್ದರು. ದೇವರ ದರ್ಶನ, ನಮ್ಮ ಮನೆಯಲ್ಲಿ ನಾನು ಮಾಡಿಟ್ಟು ಹೋದ ಊಟ, ಒಂದು ಸಣ್ಣ ನಿದ್ದೆ, ಬಿಸಿಲು ಇಳಿದ ಮೇಲೆ ವಾಪಸ್ಸು.

ಅಪ್ಪನಿಗೆ ಎಪ್ಪತ್ತಾರು ತುಂಬಿದ ಮೇಲೆ ಕಣ್ಣಿನ ಡಾಕ್ಟರು ಹೇಳಿದ್ದು ಇಷ್ಟು: ನೇರ ನೋಟ ಚೆನ್ನಾಗಿದೆ, ಸುತ್ತಲಿನ ನೋಟ ಕಿರಿದಾಗುತ್ತಾ ಬಂದಿದೆ, ಔಷಧಿ ಹಾಕಿದರೆ ಇರುವುದು ಉಳಿಯುತ್ತದೆ, ಹೋದದ್ದು ಬರುವುದಿಲ್ಲ, ಗಾಡಿ ಓಡಿಸಬೇಡಿ. ಅಪ್ಪ ಮೊದಲ ಮಾತನ್ನು ಮಾತ್ರ ಮನೆಗೆ ತಂದರು. ಕನ್ನಡಕ ಇಲ್ಲದೆ ಪೇಪರ್ ಓದಿ ತೋರಿಸುತ್ತಿದ್ದರು, ಗೋಡೆಯ ಕ್ಯಾಲೆಂಡರಿನಲ್ಲಿ ಪಂಚಾಂಗದ ಸಣ್ಣ ಅಕ್ಷರ ಓದುತ್ತಿದ್ದರು. ಅಷ್ಟರಲ್ಲಿ ಮನೆಯ ಗೇಟಿನ ಎಡಗಡೆ ಕಂಬಕ್ಕೆ ಬಿಳಿ ಬಣ್ಣ ಹತ್ತಿತ್ತು, ಕಾರಿನ ಎಡ ಬಾಗಿಲಿಗೆ ಕಂಬದ ಸುಣ್ಣ ಹತ್ತಿತ್ತು. ಒಂದು ಸಲ ಚಿಕ್ಕಯ್ಯನಛತ್ರದ ಕಡೆ ರಸ್ತೆ ಮೇಲೆ ಹರಡಿದ್ದ ಹುರುಳಿಯ ಜೊತೆಗೆ ಅದರ ಪಕ್ಕ ಇಟ್ಟಿದ್ದ ಮೊರ, ಪೊರಕೆ, ನೀರಿನ ಬಿಂದಿಗೆ ಎಲ್ಲವನ್ನೂ ಒಕ್ಕಿ ಬಂದಿದ್ದರು. ಹುರುಳಿ ಹರಡಿದ್ದ ಹೆಂಗಸು ನುಜ್ಜಾದ ಬಿಂದಿಗೆ ಹಿಡಿದುಕೊಂಡು ಬೈದಳಂತೆ. ಅವ್ವ ಇದನ್ನು ನಗುತ್ತಲೇ ಹೇಳಿದಳು, ಆದರೆ ಹೇಳಿ ಮುಗಿಸಿದ ಮೇಲೆ ನನ್ನ ಕೈ ಹಿಡಿದುಕೊಂಡಳು. ಆ ಬಿಂದಿಗೆಯ ಪಕ್ಕದಲ್ಲಿ ಆ ಹೆಂಗಸೇ ಕೂತಿದ್ದಿದ್ದರೆ ಎನ್ನುವುದು ನಮ್ಮಿಬ್ಬರ ತಲೆಯಲ್ಲೂ ಇತ್ತು.

ಈಗ ಇಟ್ಟಿಗೆಯ ವಿಷಯ. ನಮ್ಮ ಮಗಳು ಮೈಸೂರಿನ ಹಾಸ್ಟೆಲಿಗೆ ಹೋದ ಮೇಲೆ ಅಟ್ಟ ಖಾಲಿ ಮಾಡುತ್ತಿದ್ದಾಗ ಅವಳು ಆಡುತ್ತಿದ್ದ ಪ್ಲಾಸ್ಟಿಕ್ ಇಟ್ಟಿಗೆಗಳ ಬಕೆಟ್ಟು ಸಿಕ್ಕಿತು. ಒಂದರ ಮೇಲೊಂದು ಒತ್ತಿದರೆ ಟಕ್ಕೆಂದು ಕಚ್ಚಿಕೊಳ್ಳುವ ಇಟ್ಟಿಗೆಗಳು. ಯಾರಿಗಾದರೂ ಕೊಟ್ಟುಬಿಡೋಣ ಎಂದು ಎಣಿಸಲು ಕೂತವಳು ಎದ್ದದ್ದು ಒಲೆಯ ಮೇಲಿನ ಸಾರು ಹೊತ್ತಿದ ವಾಸನೆ ಬಂದ ಮೇಲೆ. ಬೇರೆ ಬೇರೆ ವರ್ಷ, ಬೇರೆ ಬೇರೆ ಅಂಗಡಿಯಲ್ಲಿ ಕೊಂಡ ಇಟ್ಟಿಗೆಗಳು ಅವು. ಎಲ್ಲವೂ ಒಂದಕ್ಕೊಂದು ಸರಿಯಾಗಿ ಕೂರುತ್ತಿದ್ದವು. ನಂಬಿಕೆಯಾಗದೆ ವರ್ನಿಯರ್ ತಂದು ಅಳೆದೆ. ಕೆಂಪು ಡಬ್ಬಕ್ಕೆ ಹಾಕುವಂಥದ್ದು ಒಂದೂ ಸಿಗಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ನನಗೆ ಅಂಥ ದಿನ ಬಂದಿರಲಿಲ್ಲ. ಬಕೆಟ್ಟನ್ನು ಯಾರಿಗೂ ಕೊಡಲಿಲ್ಲ.

ಕಟ್ಟಲು ಶುರು ಮಾಡಿದೆ. ನಲವತ್ತೇಳು ವರ್ಷದ ಹೆಂಗಸು ಚಾಪೆ ಹಾಸಿಕೊಂಡು ಮಕ್ಕಳ ಆಟದ ಸಾಮಾನು ಹರವಿಕೊಂಡಿದ್ದನ್ನು ನೋಡಿ ಪಕ್ಕದ ಮನೆಯವರು ನನ್ನ ಗಂಡನನ್ನು ಪ್ರತ್ಯೇಕವಾಗಿ ಕರೆದು ಎಲ್ಲ ಸರಿಯಾಗಿದೆಯಾ ಎಂದು ವಿಚಾರಿಸಿದರಂತೆ. ಅವಳು ಬೈಯುವುದನ್ನೇ ಮರೆತಿದ್ದಾಳೆ, ಇಂಥ ಇನ್ನೂ ಎರಡು ಬಕೆಟ್ ತರುತ್ತೇನೆ ಎಂದು ಇವರು ಹೇಳಿ ಬಂದರು. ಹೇಳಿದ ಹಾಗೆ ತಂದರು ಕೂಡ, ಜೊತೆಗೆ ಸಣ್ಣ ಮೋಟರು, ಹಲ್ಲು ಚಕ್ರ, ಬ್ಯಾಟರಿ ಪೆಟ್ಟಿಗೆ, ರಿಮೋಟು.

ಬೇಸಿಗೆ ಶುರುವಾದ ಒಂದು ಭಾನುವಾರ ನಾನು ಕಟ್ಟಿದ ಒಂದು ಗೇಣುದ್ದದ ಜೀಪನ್ನು ತೋರಿಸಲು ನರಸೀಪುರಕ್ಕೆ ಒಯ್ದಿದ್ದೆ. ಆ ಮನೆಯಲ್ಲಿ ಅಪ್ಪ, ಅವ್ವನ ಜೊತೆ ನನ್ನ ತಮ್ಮನ ಸಂಸಾರವೂ ಇದೆ. ತಮ್ಮ ಪಂಚಾಯ್ತಿ ನೌಕರ, ಬೆಳಿಗ್ಗೆ ಸಂಜೆ ಗದ್ದೆ ಕೆಲಸ. ಊಟವಾದ ಮೇಲೆ ಮೊದಲೇ ಮಾತಾಡಿಕೊಂಡಿದ್ದ ಹಾಗೆ ನಾನು, ತಮ್ಮ, ಅವ್ವ ಮೂವರೂ ಸುತ್ತ ಕೂತು, ಇನ್ನು ಕಾರು ಓಡಿಸುವುದು ಬೇಡ ಎಂದು ಅಪ್ಪನಿಗೆ ಹೇಳಿದೆವು. ಅಪ್ಪ ಸಿಟ್ಟಾಗಲಿಲ್ಲ. ನನ್ನ ಜೀಪನ್ನು ಎತ್ತಿಕೊಂಡು ಕಣ್ಣಿನ ಹತ್ತಿರ ಹಿಡಿದು ತಿರುಗಿಸಿ ನೋಡಿದರು. ಹಿಂದಿನ ಸ್ಟೆಪ್ನಿ ಎರಡು ಇಟ್ಟಿಗೆಯಷ್ಟು ಮೇಲೆ ಕೂತಿದೆ ಎಂದರು. ನಿಜವಾಗಿಯೂ ಕೂತಿತ್ತು.

“ಎಲ್ಲಾರ್ ಕೆಲ್ಸದಲ್ಲೂ ತಪ್ ಉಡುಕ್ತೀಯಲ್ಲವ್ವ ನೀನು. ಈ ಇಟ್ಗೇಲಿ ನನ್ ಅಂಬಾಸಿಡ್ರು ಕಟ್ಕಂಡ್ ಬಾ, ಮೋಟ್ರು ಆಕಿ ಓಡಂಗೆ. ಆಯುದ್ಪೂಜೆಗಂಟ ಟೈಮದೆ. ಆವತ್ತು ನಂಗದ್ರಲ್ಲಿ ಒಂದೇ ಒಂದ್ ತಪ್ಪು ಸಿಗ್ನಿಲ್ಲ ಅಂದ್ರೆ ಕೀ ನಿನ್ ಕೈಗೆ. ಸಿಕ್ತು ಅಂದ್ರೆ ನೀವ್ಯಾರೂ ಇನ್ಮೇಕೆ ಗಾಡಿ ಸುದ್ದಿ ಎತ್ಬಾರ್ದು.”

ತಮ್ಮ ಬೇಡ ಎನ್ನುವಂತೆ ತಲೆ ಅಲ್ಲಾಡಿಸುತ್ತಿದ್ದ. ನನಗೆ ಹಟ ಬಂದುಬಿಟ್ಟಿತ್ತು. ಆಗಲಿ ಎಂದೆ.

ಅಂಬಾಸಿಡರ್ ಕಾರನ್ನು ದಿನಾ ನೋಡಿದವರಿಗೂ ಅದು ಎಷ್ಟು ದುಂಡು ಎನ್ನುವುದು ಗೊತ್ತಿರುವುದಿಲ್ಲ. ಇಟ್ಟಿಗೆಗಳೋ ಚೌಕ. ಬಾನೆಟ್ಟು, ಮಡ್‌ಗಾರ್ಡು, ಡಿಕ್ಕಿ, ಎಲ್ಲಿ ಮುಟ್ಟಿದರೂ ಬೆಣ್ಣೆ ಉಂಡೆ. ನಾನು ಭಾನುವಾರ ಭಾನುವಾರ ವರ್ನಿಯರ್, ಟೇಪು, ನೋಟ್‌ಬುಕ್ ಹಿಡಿದು ನರಸೀಪುರಕ್ಕೆ ಹೋಗತೊಡಗಿದೆ. ನಂಜನಗೂಡಿನಿಂದ ಹದಿನಾರು ಎಂಬ ಊರಿನ ಮೇಲೆ ನಮ್ಮ ಸಣ್ಣ ಕಾರಿನಲ್ಲಿ, ಒಂದೊಂದು ಸಲ ಗಂಡನ ಜೊತೆ, ಒಂದೊಂದು ಸಲ ಒಬ್ಬಳೇ. ಅಪ್ಪ ಹಿತ್ತಲಿನ ಶೆಡ್ಡಿನಲ್ಲಿ ಕಾರಿನ ಪಕ್ಕ ಸ್ಟೂಲು ಹಾಕಿಕೊಂಡು ಕೂತಿರುತ್ತಿದ್ದರು. ಅಳತೆ ನಾನು ತೆಗೆಯುತ್ತಿದ್ದೆ, ಕಥೆ ಅವರು ಹೇಳುತ್ತಿದ್ದರು. ಈ ಬಾಗಿಲ ಹಿಡಿ ಯಾವ ಸಾಹೇಬರು ಕಿತ್ತದ್ದು, ಈ ಸೀಟಿನ ಮೇಲೆ ಯಾರ ಮನೆಯ ಮದುವೆಗೆ ಒಯ್ದ ಪಾಯಸ ಚೆಲ್ಲಿದ್ದು, ಸ್ಟೇರಿಂಗಿಗೆ ಅಂಟಿಕೊಂಡ ಕೈ ಗೇರನ್ನು ಯಾವಾಗ ಯಾವ ಕಡೆಗೆ ಎಳೆಯಬೇಕು. ಮಾದರಿಯಲ್ಲಿ ಗೇರಿನ ಕಡ್ಡಿಯೂ ಸರಿಯಾಗಿರಬೇಕಲ್ಲ, ಅದಕ್ಕೆ ನನ್ನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ, ಎಂಜಿನ್ ಆಫ್ ಮಾಡಿಯೇ ಒಂದರಿಂದ ನಾಲ್ಕರವರೆಗೆ ಹಾಕಿಸಿದರು. ಆ ಸೀಟಿನಲ್ಲಿ ನಾನು ಕೂತದ್ದು ಅದೇ ಮೊದಲು. ಚಿಕ್ಕವಳಿದ್ದಾಗ ಅದು ಸರ್ಕಾರದ ಗಾಡಿ ಎಂದು ಮುಟ್ಟಲು ಬಿಡುತ್ತಿರಲಿಲ್ಲ. ಮನೆಗೆ ಬಂದ ಮೇಲೆ ಅದು ಅಪ್ಪನ ಗಾಡಿ ಎಂದು ಯಾರೂ ಮುಟ್ಟುತ್ತಿರಲಿಲ್ಲ.

ಒಂದು ಮಾತು ಒಪ್ಪಿಕೊಳ್ಳಬೇಕು. ನಾನು ಅಪ್ಪನ ಕೈಯಿಂದ ಕೀ ಕಿತ್ತುಕೊಳ್ಳಲು ಹೋಗುತ್ತಿದ್ದೆ, ಆದರೆ ವಾರವಿಡೀ ಆ ಭಾನುವಾರಕ್ಕಾಗಿ ಕಾಯುತ್ತಿದ್ದೆ.

ಮೊದಲ ಕಾರು ಒಂದೂಕಾಲು ಅಡಿ ಉದ್ದ ಬಂತು. ಬಿಳಿ ಇಟ್ಟಿಗೆ ಸಾಲದೆ ತಾರಸಿಗೆ ಹಳದಿ ಹಾಕಿದ್ದೆ. ಅಪ್ಪ ನೋಡಿದವರೇ, ತಾನೇನು ಮೂವತ್ತು ವರ್ಷ ಟ್ಯಾಕ್ಸಿ ಓಡಿಸಿದೆನೇ ಎಂದು ಕೇಳಿ ಮುಖ ತಿರುಗಿಸಿದರು. ಅಂಗಳದಲ್ಲಿ ಓಡಿಸಿ ತೋರಿಸೋಣ ಎಂದರೆ, ಬಚ್ಚಲು ಮನೆ ಕಟ್ಟಲು ತಮ್ಮ ತಂದು ಸುರಿದಿದ್ದ ಎಂ-ಸ್ಯಾಂಡ್ ಮರಳು ಅಂಗಳದ ತುಂಬ ಹರಡಿಕೊಂಡಿತ್ತು. ನಾಲ್ಕು ಮಾರು ಹೋದ ಕಾರು ಅದರಲ್ಲಿ ಚಕ್ರ ಹೂತುಕೊಂಡು ನಿಂತಲ್ಲೇ ಗುರ್ ಎಂದಿತು. ಚಕ್ರ ತಿರುಗುತ್ತದೆ, ಮರಳು ಹಾರುತ್ತದೆ, ಕಾರು ಕದಲುವುದಿಲ್ಲ. ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಅಪ್ಪ ನಗಲಿಲ್ಲ, ತನ್ನ ಗಾಡಿ ಯಾವತ್ತೂ ಮರಳಿನಲ್ಲಿ ಸಿಕ್ಕಿಕೊಂಡಿರಲಿಲ್ಲ ಎಂದು ಗಂಭೀರವಾಗಿ ಹೇಳಿದರು. ಇದು ಸುಳ್ಳು ಎಂದು ಅವ್ವ ಒಳಗಿನಿಂದ ಕೂಗಿ ಹೇಳಿದಳು.

ಸಿಟ್ಟಿನಲ್ಲಿ ವಾಪಸ್ಸು ಬರುತ್ತಿದ್ದೆ. ಹದಿನಾರಿನ ಹತ್ತಿರ ಬೇಸಿಗೆ ಭತ್ತದ ಕೊಯ್ಲು ನಡೆದಿತ್ತು. ಹಿಂದಿನ ದಿನ ಮಳೆ ಬಿದ್ದು ಗದ್ದೆಯಲ್ಲಿ ಮೊಣಕಾಲುದ್ದ ಕೆಸರು. ಟೈರಿನ ಕೊಯ್ಲು ಮಿಷನ್ನು ರಸ್ತೆ ಬದಿಯಲ್ಲಿ ಕೈಕಟ್ಟಿ ನಿಂತಿತ್ತು. ಅಂಥ ಗದ್ದೆಗೆ ಇಳಿಯಲು ನಮ್ಮ ಕಡೆ ಚೈನ್ ಮಿಷನ್ನನ್ನೇ ಕರೆಸುತ್ತಾರೆ. ಚಕ್ರದ ಬದಲು ಎರಡೂ ಕಡೆ ಅಗಲವಾದ ರಬ್ಬರಿನ ಪಟ್ಟಿ ಸುತ್ತುವ ಮಿಷನ್ನು ಅದು. ಕೆಸರು ಅದಕ್ಕೆ ಸಿಮೆಂಟ್ ರಸ್ತೆ. ನಾನು ಕಾರು ನಿಲ್ಲಿಸಿ ಬದುವಿನ ಮೇಲೆ ಹೋಗಿ ನಿಂತೆ. ಅದು ಗದ್ದೆಯ ಮೂಲೆಗೆ ಬಂದು, ಒಂದು ಕಡೆಯ ಚೈನು ನಿಲ್ಲಿಸಿ ಇನ್ನೊಂದು ಕಡೆಯದನ್ನು ಓಡಿಸಿ, ನಿಂತಲ್ಲೇ ತಿರುಗಿ ಹೋಯಿತು. ಡ್ರೈವರು ನನ್ನನ್ನು ನೋಡಿ, ಎಷ್ಟು ಎಕರೆ ಕುಯ್ಯಬೇಕಕ್ಕ ಎಂದು ಕೇಳಿದ. ಏನೂ ಇಲ್ಲ, ಸುಮ್ಮನೆ ನೋಡುತ್ತಿದ್ದೇನೆ, ಚೈನಿನ ಕೆಳಗೆ ಎಷ್ಟು ಉರುಳೆ ಇವೆ ಎಂದು ಕೇಳಿದೆ. ಅವನು ಆಮೇಲೆ ನನ್ನ ಕಡೆ ತಿರುಗಿ ನೋಡಲಿಲ್ಲ.

ಮುಂದಿನ ಭಾನುವಾರ ಅಪ್ಪನನ್ನು ಕೇಳಿದೆ, ಚಕ್ರದ ಬದಲು ಚೈನು ಹಾಕಿದರೆ ಅದನ್ನು ತಪ್ಪು ಎನ್ನುತ್ತೀರಾ ಎಂದು. ನಾಲೆ ಏರಿಯ ಮೇಲೆ ಸಾಹೇಬರನ್ನು ಕೂರಿಸಿಕೊಂಡು ಹೋಗುವಾಗ ಕಾರು ಗದ್ದೆಗೆ ಜಾರಿ, ನಾಲ್ಕು ಜೊತೆ ಎತ್ತು ಕಟ್ಟಿ ಎಳೆಸಿದ ದಿನ ಅವರ ನೆನಪಿಗೆ ಬಂದಿರಬೇಕು. ಆವತ್ತು ಚೈನ್ ಇದ್ದಿದ್ದರೆ ಚೆನ್ನಾಗಿತ್ತು ಎಂದರು. ಹಾಕು, ತಪ್ಪು ಹಿಡಿಯುವುದಿಲ್ಲ, ಆದರೆ ಚೈನಿನಿಂದ ಮೇಲೆ ಎಲ್ಲವೂ ಅಂಬಾಸಿಡರೇ ಆಗಿರಬೇಕು ಎಂದರು. ಅಪ್ಪನ ಗಾಡಿ ಸಿಕ್ಕಿಕೊಂಡದ್ದು ಉಂಟೋ ಇಲ್ಲವೋ ಎನ್ನುವ ತಕರಾರು ಅಲ್ಲಿಗೆ ತೀರ್ಮಾನವಾಯಿತು.

ಕಪ್ಪು ಪ್ಲಾಸ್ಟಿಕ್ಕಿನ ಬೆರಳುಗುರಿನಷ್ಟು ಕೊಂಡಿಗಳು, ಒಂದಕ್ಕೊಂದು ಸಿಕ್ಕಿಸಿದರೆ ಚೈನು. ಒಂದೊಂದು ಕಡೆಗೆ ಐವತ್ತೆರಡು. ಸಿಕ್ಕಿಸಿ ಸಿಕ್ಕಿಸಿ ನನ್ನ ಹೆಬ್ಬೆರಳು ಊದಿಕೊಂಡಿತು. ಎಡಗಡೆಗೆ ಒಂದು ಮೋಟರು, ಬಲಗಡೆಗೆ ಒಂದು, ಬ್ಯಾಟರಿ ಡಿಕ್ಕಿಯಲ್ಲಿ. ಹೊಸದಾಗಿ ಕೂರಿಸಿದ ದಿನ ರಿಮೋಟಿನ ಎರಡೂ ಕಡ್ಡಿ ಮುಂದಕ್ಕೆ ಒತ್ತಿದರೆ ಕಾರು ಮುಂದೆ ಹೋಗದೆ ನಡುಮನೆಯಲ್ಲಿ ಬುಗುರಿಯಂತೆ ಗಿರಗಿರನೆ ಸುತ್ತಿತು. ನಾನು ಎರಡು ದಿನ ಹಲ್ಲು ಚಕ್ರ ಬಿಚ್ಚಿ ಜೋಡಿಸಿ ಒದ್ದಾಡಿದೆ. ಮೂರನೆಯ ದಿನ ಗಂಡ ಕಾಫಿ ಲೋಟ ಹಿಡಿದು ಪಕ್ಕದಲ್ಲಿ ನಿಂತು ನೋಡಿ, ಎರಡು ಮೋಟರನ್ನೂ ಬೆನ್ನಿಗೆ ಬೆನ್ನು ಕೂರಿಸಿದ್ದೀಯ, ಒಂದು ಮುಂದಕ್ಕೆ ಹೋದರೆ ಇನ್ನೊಂದು ಹಿಂದಕ್ಕೇ ಹೋಗುವುದು ಎಂದರು. ಎರಡು ದಿನ ಮೊದಲೇ ಗೊತ್ತಿತ್ತಾ ಎಂದು ಕೇಳಿದೆ. ಗೊತ್ತಿತ್ತಂತೆ. ಮೊಳೆ ಹೊಡೆದಾಗಲೆಲ್ಲ ಸ್ಕೇಲ್ ಹಿಡಿದವಳಿಗೆ ಅಷ್ಟಾದರೂ ಆಗಲಿ ಅಂತ ಸುಮ್ಮನಿದ್ದರಂತೆ.

ಆಮೇಲಿನ ತಿಂಗಳುಗಳು ಹೀಗೇ ನಡೆದವು. ನಾನು ಕಟ್ಟಿ ಒಯ್ಯುವುದು, ಅಪ್ಪ ತಪ್ಪು ಹಿಡಿಯುವುದು. ಹಿಂದಿನ ದೀಪ ಚೌಕವಾಯಿತು. ವೈಪರು ಎರಡೂ ಒಂದೇ ಕಡೆ ಮಲಗಬೇಕು. ನಂಬರ್ ಪ್ಲೇಟಿನ ಮೇಲಿನ ಸಣ್ಣ ಬಲ್ಬು ಎಲ್ಲಿ? ಕನ್ನಡಿ ಬಲಗಡೆ ಮಾತ್ರ, ಎಡಗಡೆ ಕನ್ನಡಿ ತನ್ನ ಗಾಡಿಗೆ ಯಾವತ್ತೂ ಇರಲಿಲ್ಲ. ಕಾರ್ಖಾನೆಯಲ್ಲಿ ನನ್ನ ಕೈಯಲ್ಲಿ ರಿಜೆಕ್ಟ್ ಮಾಡಿಸಿಕೊಂಡ ಹುಡುಗರೆಲ್ಲ ಇದನ್ನು ನೋಡಿದ್ದರೆ ಹಬ್ಬ ಮಾಡುತ್ತಿದ್ದರು. ಬಾನೆಟ್ಟನ್ನು ಹದಿನಾಲ್ಕು ಸಲ ಬಿಚ್ಚಿದೆ. ಇಟ್ಟಿಗೆಗಳನ್ನು ನೆಟ್ಟಗೆ ಇಡುವ ಬದಲು ಓರೆಯಾಗಿ ಒರಗಿಸಿ, ಸಣ್ಣ ಸಣ್ಣ ಇಳಿಜಾರಿನ ತುಂಡುಗಳನ್ನು ಮೇಲೆ ಹೊದಿಸಿದಾಗ ಮಾತ್ರ ಆ ದುಂಡು ಬಂತು. ಅಪ್ಪ ಅದರ ಮೇಲೆ ಕೈಯಾಡಿಸಿ ಏನೂ ಹೇಳದೆ ಕೆಳಗಿಟ್ಟರು. ಅವರು ಏನೂ ಹೇಳದಿದ್ದರೆ ಅದೇ ಹೊಗಳಿಕೆ ಎಂದು ಅವ್ವ ಅಡುಗೆಮನೆಯಲ್ಲಿ ನನಗೆ ಪಿಸುಗುಟ್ಟಿದಳು. ಆ ದಿನ ವಾಪಸ್ಸು ಬರುವಾಗ ನಾನು ದಾರಿಯುದ್ದಕ್ಕೂ ಹಾಡಿಕೊಂಡು ಬಂದೆ.

ಆದರೆ ಸೋಮವಾರಗಳು ನಿಲ್ಲಲಿಲ್ಲ. ಪ್ರತಿ ಸೋಮವಾರ ಅಪ್ಪ ಅವ್ವ ನರಸೀಪುರ ಬಿಟ್ಟರು ಎಂದು ತಮ್ಮ ಫೋನ್ ಮಾಡುತ್ತಿದ್ದ. ನಿಮ್ಮ ಮನೆ ಮುಟ್ಟಿದೆವು ಎಂದು ಅವ್ವ ಫೋನ್ ಮಾಡುವವರೆಗೆ ನಾನು ಕಾರ್ಖಾನೆಯಲ್ಲಿ ಒಂದು ಭಾಗವನ್ನೂ ಸರಿಯಾಗಿ ಅಳೆಯುತ್ತಿರಲಿಲ್ಲ. ಸೋಮವಾರ ಮಧ್ಯಾಹ್ನದವರೆಗೆ ನನ್ನ ಕೆಂಪು ಡಬ್ಬ ಖಾಲಿ ಇರುತ್ತಿತ್ತು.

ಆಯುಧಪೂಜೆಯ ಬೆಳಿಗ್ಗೆ ನಾನೂ ಗಂಡನೂ ಕಾರನ್ನು ರಟ್ಟಿನ ಪೆಟ್ಟಿಗೆಯಲ್ಲಿ ಹತ್ತಿಯ ನಡುವೆ ಇಟ್ಟುಕೊಂಡು ಒಯ್ದೆವು. ಅಂಗಳ ಗುಡಿಸಿ ಸಾರಿಸಿತ್ತು. ಅಪ್ಪನ ಅಂಬಾಸಿಡರ್ ಮಿಂದು, ಚೆಂಡುಹೂವಿನ ಹಾರ ಹಾಕಿಸಿಕೊಂಡು, ಎರಡು ಬಾಳೆಕಂದು ಕಟ್ಟಿಸಿಕೊಂಡು ನಿಂತಿತ್ತು. ನಾಲ್ಕು ಚಕ್ರದ ಮುಂದೆ ನಾಲ್ಕು ನಿಂಬೆಹಣ್ಣು. ಪಕ್ಕದಲ್ಲಿ ತಮ್ಮನ ಬೈಕು, ಅದರ ಪಕ್ಕ ಭತ್ತದ ಗದ್ದೆಯ ಪಂಪ್‌ಸೆಟ್ಟಿನ ಸ್ಟಾರ್ಟರು, ಕೊನೆಯಲ್ಲಿ ಅವ್ವನ ಗ್ರೈಂಡರು. ಅಪ್ಪ ಹೊಸ ಪಂಚೆ ಉಟ್ಟು ಜಗಲಿಯ ಮೇಲೆ ಕೂತು, ಮಾದರಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಪರೀಕ್ಷೆ ಶುರು ಮಾಡಿದರು. ಅರ್ಧ ಗಂಟೆ ನೋಡಿದರು. ಬಾಗಿಲು ತೆಗೆದು ಹಾಕಿದರು. ಡಿಕ್ಕಿ ಎತ್ತಿದರು. ನಂಬರ್ ಪ್ಲೇಟಿನ ಮೇಲಿನ ಬಲ್ಬನ್ನು ಉಗುರಿನಿಂದ ಮುಟ್ಟಿದರು. ನಾನು ನಿಂತೇ ಇದ್ದೆ. ಕೊನೆಗೆ ಅಪ್ಪ ನನ್ನ ಮುಖ ನೋಡಿದರು. ಅವರಿಗೆ ಏನೂ ಸಿಕ್ಕಿರಲಿಲ್ಲ. ಮೊದಲು ಪೂಜೆ ಆಗಲಿ, ಆಮೇಲೆ ಹೇಳುತ್ತೇನೆ ಎಂದರು.

ನಾನು ಆಗಲೇ ಕಾರನ್ನು ಎತ್ತಿ ಪೆಟ್ಟಿಗೆಗೆ ಹಾಕಬೇಕಿತ್ತು. ಅವ್ವ ಬಿಡಲಿಲ್ಲ. ಓಡುವ ಗಾಡಿ ಎಂದ ಮೇಲೆ ಪೂಜೆ ಇಲ್ಲದೆ ಹೇಗೆ, ಅದನ್ನೂ ಸಾಲಿಗೆ ಇಡು ಎಂದಳು. ಇಟ್ಟೆ. ಅರಿಶಿನ ಕುಂಕುಮ ಹಲ್ಲು ಚಕ್ರಕ್ಕೆ ಬೀಳದ ಹಾಗೆ ನಾನೇ ಬೆರಳ ತುದಿಯಲ್ಲಿ ಬೊಟ್ಟು ಇಟ್ಟೆ, ಗಂಧದ ನೀರು ಚಿಮುಕಿಸಬೇಡಿ ಎಂದು ಕೈ ಅಡ್ಡ ಹಿಡಿದೆ, ಹೂವಿನ ಎಸಳು ಕೂಡ ಎಣಿಸಿ ಇಟ್ಟೆ. ಎಲ್ಲವನ್ನೂ ಕಾದೆ, ಕರ್ಪೂರ ಒಂದನ್ನು ಮರೆತೆ. ಅವ್ವ ದೊಡ್ಡ ಕಾರಿಗೆ ಎತ್ತಿದ ಮಂಗಳಾರತಿ ತಟ್ಟೆಯನ್ನು ಅದೇ ಭಕ್ತಿಯಿಂದ ಸಣ್ಣ ಕಾರಿಗೂ ಎತ್ತಿದಳು. ಬಗ್ಗಿಕೊಂಡೇ ಇರಲು ಸೊಂಟ ಬಿಡದೆ ತಟ್ಟೆಯನ್ನು ಕಾರಿನ ಮುಂದೆ ನೆಲದ ಮೇಲೇ ಇಟ್ಟು, ಕಣ್ಣು ಮುಚ್ಚಿ ಕೈ ಮುಗಿದಳು. ಅವಳ ಪ್ರಾರ್ಥನೆ ಯಾವತ್ತೂ ಉದ್ದ. ನಾವೂ ಕಣ್ಣು ಮುಚ್ಚಿದ್ದೆವು. ಪ್ಲಾಸ್ಟಿಕ್ ಸುಟ್ಟ ವಾಸನೆ ಮೊದಲು ಬಂದದ್ದು ಅಪ್ಪನ ಮೂಗಿಗೆ.

ಮುಂದಿನ ಬಂಪರು ಬಾಡಿದ ವೀಳ್ಯದೆಲೆಯ ಹಾಗೆ ಜೋತುಬಿದ್ದಿತ್ತು.

ಅಪ್ಪ ಬಂದು ಕುಕ್ಕರುಗಾಲಿನಲ್ಲಿ ಕೂತು, ಅದನ್ನು ಬೆರಳಿನಿಂದ ಮುಟ್ಟಿ ನೋಡಿ, ತನ್ನ ಗಾಡಿಯ ಬಂಪರು ನೆಟ್ಟಗಿದೆ, ಇದು ಡೊಂಕು, ತಪ್ಪು ಸಿಕ್ಕಿತು ಎಂದರು. ನಾನು ಇದು ಅನ್ಯಾಯ, ಅವ್ವ ಸುಟ್ಟದ್ದು, ಪರೀಕ್ಷೆ ಅದಕ್ಕಿಂತ ಮೊದಲೇ ಮುಗಿದಿತ್ತು ಎಂದು ವಾದ ಮಾಡಿದೆ. ಅಪ್ಪ ಕೇಳಿದ್ದು ಒಂದೇ: ಕಾರ್ಖಾನೆಯಲ್ಲಿ ನಿನ್ನ ಕೈಗೆ ಡೊಂಕು ಮಾಲು ಬಂದರೆ ಯಾರು ಬಗ್ಗಿಸಿದರು ಎಂದು ವಿಚಾರಿಸುತ್ತೀಯಾ, ಡಬ್ಬಕ್ಕೆ ಹಾಕುತ್ತೀಯಾ? ತಮ್ಮ ನೆಲ ನೋಡುತ್ತಿದ್ದ. ಅವ್ವ ತಟ್ಟೆ ಹಿಡಿದುಕೊಂಡು ನಿಂತಿದ್ದಳು, ಅವಳ ಕಣ್ಣಲ್ಲಿ ನೀರು ತುಂಬಿತ್ತು. ಆರು ತಿಂಗಳ ಕೆಲಸ ಒಂದು ಬಿಲ್ಲೆ ಕರ್ಪೂರಕ್ಕೆ ಹೋಯಿತಲ್ಲ ಎಂದು ನನಗೂ ಅಳು ಬರುವ ಹಾಗಾಯಿತು, ಬಂಪರಿಗೆ ಅಲ್ಲ, ಮುಂದಿನ ಸೋಮವಾರಕ್ಕೆ.

ಗೆದ್ದ ಖುಷಿಯಲ್ಲಿ ಅಪ್ಪ ಉದಾರಿಯಾಗಿಬಿಟ್ಟರು. ಈ ಗಾಡಿಯನ್ನೂ ನಿಂಬೆಹಣ್ಣಿನ ಮೇಲೆ ಹತ್ತಿಸಬೇಕು, ನಾನೇ ಹತ್ತಿಸುತ್ತೇನೆ, ರಿಮೋಟು ಕೊಡು ಎಂದರು. ನಿಂಬೆಹಣ್ಣು ಇದರ ಎದುರು ಗುಡ್ಡದಷ್ಟಿತ್ತು. ಹಿತ್ತಲಿನ ಗಿಡದಿಂದ ಉದುರಿದ್ದ ಗೋಲಿ ಗಾತ್ರದ ಎಳೆ ಕಾಯಿ ಎರಡನ್ನು ತಮ್ಮ ತಂದ. ಚೈನ್ ಗಾಡಿಗೆ ಎಷ್ಟು ನಿಂಬೆ ಎನ್ನುವ ಚರ್ಚೆ ನಡೆದು, ಕಡೆಗೆ ಒಂದೊಂದು ಕಡೆಗೆ ಒಂದು ಎಂದು ತೀರ್ಮಾನವಾಯಿತು. ಕಾರಿನಿಂದ ಎರಡು ಮಾರು ಮುಂದೆ ಎರಡೂ ಕಾಯಿ ಇಟ್ಟೆವು. ಅಪ್ಪ ಕಾರಿನ ಹಿಂದೆ ನಿಂತು ರಿಮೋಟು ಹಿಡಿದರು. ಕೈ ಗಟ್ಟಿಯಾಗಿತ್ತು. ಎರಡೂ ಕಡ್ಡಿ ಒಂದೇ ಸಮ ಒತ್ತಿದರು, ಕಾರು ಗಂಭೀರವಾಗಿ ಹೊರಟಿತು. ನಿಜವಾಗಿಯೂ ಒಬ್ಬ ಸಾಹೇಬ ಒಳಗೆ ಕೂತಿದ್ದಾನೇನೋ ಎನ್ನಿಸಿತು.

ಕಾರು ಒಂದು ಗೇಣು ಎಡಕ್ಕೆ ಸರಿದು ಹೋಗಿ, ಎರಡು ಕಾಯಿಯನ್ನೂ ಬಲಕ್ಕೆ ಬಿಟ್ಟು ಮುಂದೆ ಹೋಯಿತು. ನಾವು ನಕ್ಕೆವು, ಅಪ್ಪನೂ ನಕ್ಕು ಹಿಂದಕ್ಕೆ ತಂದರು. ಎರಡನೆಯ ಸಲ ಕಾಯಿಗಳು ಎಡಕ್ಕೆ ಉಳಿದವು. ನಾನು ರಿಮೋಟಿನ ಕಡ್ಡಿ ಬಿಗಿ ಇದೆ ಎಂದು ಹೇಳಿದೆ. ಕಡ್ಡಿ ಸರಿಯಾಗಿಯೇ ಇತ್ತು, ಅಪ್ಪನಿಗೂ ಅದು ಗೊತ್ತಿತ್ತು. ಪ್ರತಿ ವರ್ಷ ಆಯುಧಪೂಜೆಗೆ ಕಚೇರಿಯ ಗಾಡಿಗಳನ್ನೆಲ್ಲ ನಿಂಬೆಹಣ್ಣು ಹತ್ತಿಸಿ ಕೊಡಲು ಬೇರೆ ಡ್ರೈವರುಗಳು ಅಪ್ಪನನ್ನೇ ಕರೆಯುತ್ತಿದ್ದರು. ನಾಲ್ಕೂ ಒಂದೇ ಸಲಕ್ಕೆ ಒಡೆಯಬೇಕು, ಇಲ್ಲದಿದ್ದರೆ ಅಪಶಕುನ ಎಂದು. ಈಗ ಯಾರೂ ನಗುತ್ತಿರಲಿಲ್ಲ.

ಮೂರನೆಯ ಸಲ ಕಾರು ಹತ್ತಿರ ಬಂದಾಗ ತಮ್ಮ ಮೆಲ್ಲಗೆ ಕಾಲು ಚಾಚಿ, ಹೆಬ್ಬೆರಳಿನಿಂದ ಒಂದು ಕಾಯಿಯನ್ನು ಚೈನಿನ ಕೆಳಗೆ ನೂಕಿದ. ನನ್ನ ಗಂಡ ಆ ಕಡೆಯಿಂದ ಇನ್ನೊಂದನ್ನು ನೂಕಿದರು. ಚಟ್ ಎಂದು ಒಂದು, ಚಟ್ ಎಂದು ಇನ್ನೊಂದು. ಕಾರು ಒಮ್ಮೆ ಮೂಗು ಎತ್ತಿ ಇಳಿದು ಮುಂದೆ ಹೋಯಿತು. ನಾವೆಲ್ಲ ಜೋರಾಗಿ ಚಪ್ಪಾಳೆ ಹೊಡೆದೆವು. ಬೇಕಾದ್ದಕ್ಕಿಂತ ಜೋರಾಗಿ ಹೊಡೆದೆವು.

ಅಪ್ಪ ಕಡ್ಡಿಯಿಂದ ಬೆರಳು ತೆಗೆದರು. ಕಾರು ನಿಂತಿತು. ತಮ್ಮನ ಕಡೆಗೆ ತಿರುಗಿದರು.

“ನಿನ್ ಕಾಲು ಕಾಣ್ತು ಕಣ್ಲಾ. ನಿಂಬೆಕಾಯಿ ಕಾಣ್ನಿಲ್ಲ.”

ಅಪ್ಪ ರಿಮೋಟನ್ನು ಜಗಲಿಯ ಮೇಲೆ ಇಟ್ಟು, ಬಾಳೆಕಂದು ಕಟ್ಟಿಕೊಂಡು ನಿಂತಿದ್ದ ದೊಡ್ಡ ಕಾರಿನ ಬಾನೆಟ್ಟಿನ ಮೇಲೆ ಕೈ ಇಟ್ಟುಕೊಂಡು ನಿಂತರು. ಆಮೇಲೆ ಹೇಳಿದ ಮಾತು ನಮಗೆ ಹೇಳಿದ್ದೋ ಕಾರಿಗೆ ಹೇಳಿದ್ದೋ ನನಗೆ ಇವತ್ತಿಗೂ ಗೊತ್ತಿಲ್ಲ.

“ರೋಡಲ್ಲೂ ಇಂಗೇ ಆಯ್ತಿತ್ತು ಅಂತ ಕಾಣ್ತದೆ. ನಾನೇ ಚೆಂದಾಗ್ ಓಡಿಸ್ತಾ ಇವ್ನಿ ಅನ್ಕಂಡಿದ್ದೆ. ಜನ ನನ್ ಗಾಡಿ ನೋಡಿ ಸರ್ಕತಾ ಇದ್ರು.”

ತಮ್ಮ ಹಾಗೇನೂ ಇಲ್ಲ ಎಂದು ಶುರು ಮಾಡಿದ. ಅಪ್ಪ ಕೈ ಎತ್ತಿ ಅವನನ್ನು ನಿಲ್ಲಿಸಿದರು. ಜೇಬಿನಿಂದ ಕೀ ತೆಗೆದು ನನ್ನ ಮುಂದೆ ಹಿಡಿದರು. ನಾನು ತೆಗೆದುಕೊಳ್ಳಲಿಲ್ಲ. ಪಂದ್ಯದಲ್ಲಿ ಸೋತವಳು ನಾನು, ಬಂಪರು ಡೊಂಕಾಗಿದೆ ಎಂದೆ. ಆರು ತಿಂಗಳು ಆ ಕೀಗಾಗಿ ಹೆಬ್ಬೆರಳು ಸವೆಸಿದವಳು, ಅದು ಕಣ್ಣ ಮುಂದೆ ಇದ್ದಾಗ ಕೈ ಚಾಚಲು ಆಗಲಿಲ್ಲ. ಅಪ್ಪ ನನ್ನ ಕೈ ಹಿಡಿದು ಅಂಗೈಯಲ್ಲಿ ಕೀ ಇಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿದರು. ಈ ಗಾಡಿಗೆ ನಿಂಬೆಹಣ್ಣು ಹತ್ತಿಸುವುದು ಇನ್ನೂ ಬಾಕಿ ಇದೆ, ಹೊತ್ತು ಮೀರುತ್ತದೆ, ಹತ್ತು ಎಂದರು.

ಹತ್ತಿದೆ. ಎಂಜಿನ್ ಮೊದಲ ಸಲಕ್ಕೇ ಹೊತ್ತಿಕೊಂಡಿತು. ಕೈ ಗೇರನ್ನು ನನ್ನ ಕಡೆಗೆ ಎಳೆದು ಕೆಳಕ್ಕೆ ಹಾಕಿದೆ, ಕಲಿಸಿದ ಹಾಗೆ. ಅಪ್ಪ ಕ್ಲೀನರು ನಿಲ್ಲುವ ಹಾಗೆ ಕಾರಿನ ಮುಂದೆ ಹೋಗಿ ನಿಂತು, ಎರಡೂ ಕೈ ಎತ್ತಿ ಬಾ ಬಾ ಎಂದು ಕರೆಯತೊಡಗಿದರು. ಮಿಂದ ಕಾರಿನ ಗಾಜಿನಿಂದ ಅವರ ಹೊಸ ಪಂಚೆ, ಹಣೆಯ ಕುಂಕುಮ ಎಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು. ಕ್ಲಚ್ಚನ್ನು ಮೆಲ್ಲಗೆ ಬಿಟ್ಟೆ. ನಾಲ್ಕು ನಿಂಬೆಹಣ್ಣೂ ಒಟ್ಟಿಗೇ ಒಡೆದವು. ಕಾರು ಅವರ ಹತ್ತಿರ ಬಂತು, ಇನ್ನೂ ಹತ್ತಿರ ಬಂತು. ಅಪ್ಪ ಕೈ ಇಳಿಸಿ, ಪಂಚೆ ಎತ್ತಿ ಹಿಡಿದು, ಪಕ್ಕಕ್ಕೆ ಸರಿದು ನನಗೆ ದಾರಿ ಬಿಟ್ಟರು.